ಮರಳಿ ಬರುವ ಅತಿಥಿಯನ್ನು ಎರಡು ಸಲ ಕೇಳಿ: ಎಡಿನ್‌ಬರೊದ ಚೇಂಬರ್ ಆರ್ಕೆಸ್ಟ್ರಾ ಕಛೇರಿಗಳಿಗೊಂದು ಕೈಪಿಡಿ

ಪ್ರತಿವರ್ಷ ವಸಂತದಲ್ಲಿ ಸ್ಕಾಟಿಷ್ ಚೇಂಬರ್ ಆರ್ಕೆಸ್ಟ್ರಾ ತನ್ನ ಮುಂದಿನ ಸೀಸನ್ನಿನ ಕಾರ್ಯಕ್ರಮಗಳನ್ನು ಪ್ರಕಟಿಸುತ್ತದೆ. ಶರತ್ಕಾಲದಲ್ಲಿ ತೊಡಗಿ ಮುಂದಿನ ಬೇಸಿಗೆಯ ಹೊಸ್ತಿಲವರೆಗೆ ನಡೆಯುವ ಈ ಕಛೇರಿಗಳ ಪಟ್ಟಿ ಹೊರಬಿದ್ದೊಡನೆ, ಓದಲೆಂದೋ ಕೆಲಸಕ್ಕೆಂದೋ ಕರ್ನಾಟಕದಿಂದ ಎಡಿನ್‌ಬರೊಗೆ ಬಂದು ನೆಲೆಸಿರುವ ಪರಿಚಿತರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಇಷ್ಟರಲ್ಲಿ ಯಾವುದಕ್ಕೆ ಹೋಗಬೇಕು? ನಾನು ಕೊಡುವ ಉತ್ತರವೂ ಒಂದೇ. ಈ ವಾದ್ಯವೃಂದದ ಜೊತೆ ಹಿಂದೆ ನುಡಿಸಿ, ಈಗ ಮತ್ತೆ ಬರುತ್ತಿರುವ ಅತಿಥಿ ಯಾರೆಂದು ಮೊದಲು ಹುಡುಕಿ. ಅವರ ಕಛೇರಿಗೆ ಟಿಕೆಟ್ ತೆಗೆದುಕೊಳ್ಳಿ. ಸಾಧ್ಯವಾದರೆ ಅವರನ್ನು ಎರಡು ಸಲ ಕೇಳಿ. ಹೀಗೆ ಹೇಳಲು ಕಾರಣವೇನು, ಅಂಥ ಕಛೇರಿಯನ್ನು ಆರಿಸುವುದು ಹೇಗೆ, ಅದಕ್ಕೆ ಕಿವಿಯನ್ನು ಸಿದ್ಧಪಡಿಸಿಕೊಳ್ಳುವುದು ಹೇಗೆ, ಎಲ್ಲಿ ಕೂರಬೇಕು, ಏನನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಚಿಕ್ಕ ವೃಂದದಲ್ಲಿ ಅತಿಥಿಯ ಸ್ಥಾನ

ಸ್ಕಾಟಿಷ್ ಚೇಂಬರ್ ಆರ್ಕೆಸ್ಟ್ರಾ 1974ರಲ್ಲಿ ಹುಟ್ಟಿತು. ಸ್ಕಾಟ್ಲೆಂಡ್ ಸರ್ಕಾರ ನೇರವಾಗಿ ನೆರವು ನೀಡುವ ಐದು ರಾಷ್ಟ್ರೀಯ ಕಲಾಸಂಸ್ಥೆಗಳಲ್ಲಿ ಇಂದು ಅದೂ ಒಂದು. ದೊಡ್ಡ ಸಿಂಫನಿ ಆರ್ಕೆಸ್ಟ್ರಾದಲ್ಲಿ ಎಂಬತ್ತರಿಂದ ನೂರು ಜನ ಕೂರುತ್ತಾರೆ. ಇಲ್ಲಿ ಸಾಮಾನ್ಯವಾಗಿ ನಲವತ್ತರೊಳಗೆ. ಚೇಂಬರ್ ಎಂದರೆ ಕೋಣೆ. ಮನೆಯ ದೊಡ್ಡ ಕೋಣೆಯಲ್ಲಿ ಕೂತು ಕೇಳುವ ಸಂಗೀತದ ಹತ್ತಿರತನವನ್ನು ಸಭಾಂಗಣದಲ್ಲೂ ಉಳಿಸಿಕೊಳ್ಳುವುದು ಇಂಥ ವೃಂದದ ಗುರಿ. ಹದಿನಾರು ಪಿಟೀಲುಗಳು ಒಟ್ಟಿಗೆ ನುಡಿದಾಗ ಒಬ್ಬರ ಕಮಾನಿನ ಸಣ್ಣ ಬದಲಾವಣೆ ಉಳಿದವರ ನಾದದಲ್ಲಿ ಕರಗಿಹೋಗುತ್ತದೆ. ಏಳೆಂಟು ಪಿಟೀಲುಗಳಿರುವಲ್ಲಿ ಅದು ಕೇಳಿಸುತ್ತದೆ. ಆದ್ದರಿಂದ ಅತಿಥಿಯೊಬ್ಬರು ಒಂದು ಸ್ವರವನ್ನು ಅಂದುಕೊಂಡದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಹೊತ್ತು ಹಿಡಿದರೆ, ಆ ಕ್ಷಣದಲ್ಲೇ ಇಡೀ ವೃಂದ ಅದಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಹೊಂದಿಕೊಂಡಿತೇ ಇಲ್ಲವೇ ಎಂಬುದು ಕೂತು ಕೇಳುವ ನಮಗೂ ತಿಳಿಯುತ್ತದೆ.

ಇಲ್ಲಿಯೇ ಹೊಸ ಅತಿಥಿಗೂ ಮರಳಿ ಬಂದ ಅತಿಥಿಗೂ ಇರುವ ವ್ಯತ್ಯಾಸ ಕಾಣುವುದು. ಮೊದಲ ಸಲ ಬಂದವರಿಗೆ ಆ ವಾರದ ಕೆಲವೇ ತಾಲೀಮುಗಳು ಸಿಗುತ್ತವೆ. ಲಯ ಎಷ್ಟಿರಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ತಗ್ಗಬೇಕು ಎಂಬ ಒಪ್ಪಂದಗಳಲ್ಲೇ ಆ ಸಮಯ ಕಳೆಯುತ್ತದೆ. ಮೂರನೆಯ ಸಲವೋ ನಾಲ್ಕನೆಯ ಸಲವೋ ಬಂದವರಿಗೆ ಇವೆಲ್ಲ ಮಾತಿಲ್ಲದೆಯೇ ಗೊತ್ತಿರುತ್ತವೆ. ತಾಲೀಮಿನ ಸಮಯ ಸಂಗೀತದ ಒಳಗಿನ ವಿಷಯಗಳಿಗೆ ಉಳಿಯುತ್ತದೆ, ವೇದಿಕೆಯ ಮೇಲೆ ಧೈರ್ಯ ತೋರಲು ಅವಕಾಶವಾಗುತ್ತದೆ.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ರಾಮೋತ್ಸವದ ಚಪ್ಪರದಲ್ಲಿ ಗಾಯಕರ ಪಕ್ಕದಲ್ಲಿ ಅಂದೇ ಮೊದಲ ಬಾರಿಗೆ ಕೂತ ಮೃದಂಗ ವಿದ್ವಾಂಸರು ಎಷ್ಟೇ ಸಮರ್ಥರಾಗಿದ್ದರೂ, ಇಪ್ಪತ್ತು ವರ್ಷ ಜೊತೆಗೆ ನುಡಿಸಿದವರು ಸಂಗತಿಯೊಂದು ಹುಟ್ಟುವ ಮೊದಲೇ ಅದಕ್ಕೆ ಜಾಗ ಬಿಟ್ಟುಕೊಡುವ ರೀತಿಯೇ ಬೇರೆ ಎಂಬುದನ್ನು ನಮ್ಮ ಕಿವಿ ಚಿಕ್ಕಂದಿನಿಂದ ಬಲ್ಲದು. ಅದೇ ಕಿವಿಯನ್ನು ಇಲ್ಲಿಗೂ ತನ್ನಿ. ಪಾಶ್ಚಾತ್ಯ ಸಂಗೀತದ ಶಾಸ್ತ್ರ ಗೊತ್ತಿಲ್ಲವೆಂದು ಹಿಂಜರಿಯುವವರಿಗೆ ನಾನು ನಮ್ಮ ಜಯಚಾಮರಾಜೇಂದ್ರ ಒಡೆಯರ್ ಅವರನ್ನು ನೆನಪಿಸುತ್ತೇನೆ. ಶ್ರೀವಿದ್ಯಾ ಅಂಕಿತದಲ್ಲಿ ಕೀರ್ತನೆಗಳನ್ನು ರಚಿಸಿದ ಅದೇ ಮಹಾರಾಜರು ರಷ್ಯದ ಸಂಯೋಜಕ ಮೆಡ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಡ್ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು (ಒಬ್ಬ ವಾದಕರು ವಾದ್ಯವೃಂದದ ಜೊತೆಗೂಡಿ ನುಡಿಸುವ ಕೃತಿ) ಅವರಿಗೆ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದರ ಹಿಂದೆಯೂ ಅವರ ನೆರವಿತ್ತು. ಒಂದು ಸಂಗೀತವನ್ನು ಬಲ್ಲ ಕಿವಿಗೆ ಇನ್ನೊಂದು ಬೇಗ ಒಲಿಯುತ್ತದೆಂದು ನಾನು ನಂಬುವುದು ಇಂಥವರನ್ನು ನೋಡಿಯೇ.

ಪಟ್ಟಿಯನ್ನು ಓದುವುದು

ಕಾರ್ಯಕ್ರಮ ಪುಸ್ತಿಕೆಯನ್ನು ತೆರೆದಾಗ ಮರಳಿ ಬರುವ ಕಲಾವಿದರು ಮೂರು ಬಗೆಯಲ್ಲಿ ಕಾಣಸಿಗುತ್ತಾರೆ. ಮೊದಲನೆಯವರು ವೃಂದದಲ್ಲಿ ಒಂದು ಪದವಿಯನ್ನೇ ಹೊಂದಿರುವ ಕಂಡಕ್ಟರ್‌ಗಳು, ಅಂದರೆ ಎದುರಿಗೆ ನಿಂತು ವೃಂದವನ್ನು ನಡೆಸುವವರು. ಆಂಡ್ರ್ಯೂ ಮ್ಯಾಂಜ್ 2024ರಿಂದ ಇಲ್ಲಿಯ ಪ್ರಧಾನ ಅತಿಥಿ ಕಂಡಕ್ಟರ್. ಜೋಸೆಫ್ ಸ್ವೆನ್ಸನ್ 1996ರಿಂದ 2005ರವರೆಗೆ ಪ್ರಧಾನ ಕಂಡಕ್ಟರ್ ಆಗಿದ್ದು, ಅನಂತರ ಗೌರವ ಪದವಿಯಲ್ಲಿ ಮತ್ತೆ ಮತ್ತೆ ಬಂದವರು. ಈ ಇಬ್ಬರೂ ಮೂಲತಃ ಪಿಟೀಲುವಾದಕರು ಎಂಬುದನ್ನು ಗಮನಿಸಿ. ತಂತಿವಾದ್ಯದವರ ಕೈ ಎಲ್ಲಿ ದಣಿಯುತ್ತದೆ, ಕಮಾನು ಎಲ್ಲಿ ಮುಗಿಯುತ್ತದೆ ಎಂದು ಅನುಭವದಿಂದ ಬಲ್ಲವರು ಚಿಕ್ಕ ವೃಂದದಿಂದ ಬೇರೆಯೇ ನಾದವನ್ನು ತೆಗೆಯುತ್ತಾರೆ.

ಎರಡನೆಯವರು ತಾವೇ ನುಡಿಸುತ್ತ ವೃಂದವನ್ನೂ ನಡೆಸುವವರು: ಫಿನ್‌ಲೆಂಡಿನ ಪಿಟೀಲುವಾದಕ ಪೆಕ್ಕಾ ಕೂಸಿಸ್ಟೊ, ಓಬೊ ಎಂಬ ಊದುವ ವಾದ್ಯವನ್ನು ನುಡಿಸುವ ಫ್ರಾನ್ಸಿನ ಫ್ರಾಂಸ್ವಾ ಲಲೂ ಮುಂತಾದವರು. ಮೂರನೆಯವರು ಒಂದು ಕಂಚೆರ್ಟೊವನ್ನು ನುಡಿಸಲು ಬಂದು, ವಿರಾಮದ ಹೊತ್ತಿಗೆ ತಮ್ಮ ಪಾಲನ್ನು ಮುಗಿಸುವ ಏಕವ್ಯಕ್ತಿ ವಾದಕರು. ಮೊದಲ ಸಲ ಹೋಗುವವರಿಗೆ ನಾನು ಎರಡನೆಯ ಬಗೆಯನ್ನೇ ಸೂಚಿಸುತ್ತೇನೆ. ಎದುರಿಗೆ ಕೋಲು ಹಿಡಿದು ನಿಂತವರಿಲ್ಲದಿದ್ದಾಗ ವಾದಕರು ಒಬ್ಬರನ್ನೊಬ್ಬರು ನೋಡಲೇಬೇಕು. ಅವರ ನಡುವಿನ ಕಣ್ಣಿನ ಮಾತನ್ನು ನಾವೂ ನೋಡಬಹುದು. ಸಂಗೀತದ ಅರ್ಧ ಭಾಗ ಅಲ್ಲಿಯೇ ತಿಳಿದುಹೋಗುತ್ತದೆ.

ಆಮೇಲೆ ಆ ಅತಿಥಿ ಹಿಂದೆ ಈ ವೃಂದದ ಜೊತೆ ಏನು ನುಡಿಸಿದ್ದರು ಎಂದು ನೋಡಿ. ಧ್ವನಿಮುದ್ರಣವಿದ್ದರೆ ಅದೃಷ್ಟ. ಲಲೂ ಈ ವೃಂದದೊಡನೆ ಬಿಜೆ ಮತ್ತು ಗೂನೊ ಅವರ ಕೃತಿಗಳನ್ನು ಮುದ್ರಿಸಿದ್ದಾರೆ. ಈಗಿನ ಪ್ರಧಾನ ಕಂಡಕ್ಟರ್ ಮಾಕ್ಸಿಮ್ ಎಮೆಲ್ಯಾನಿಚೆವ್ ಅವರ ಕಥೆಯನ್ನೂ ಇಲ್ಲಿ ಹೇಳಬೇಕು. 2018ರಲ್ಲಿ ಬೇರೊಬ್ಬರು ಬರಲಾಗದೆ ಹೋದಾಗ ಬದಲಿಯಾಗಿ ಬಂದು ಶೂಬರ್ಟ್‌ನ ಒಂಬತ್ತನೆಯ ಸಿಂಫನಿಯನ್ನು (ಇಡೀ ವೃಂದಕ್ಕೆಂದು ಹಲವು ಭಾಗಗಳಲ್ಲಿ ಬರೆದ ಕೃತಿ) ನಡೆಸಿಕೊಟ್ಟ ಅವರನ್ನು ವೃಂದ ಕೆಲವೇ ವಾರಗಳಲ್ಲಿ ತನ್ನ ಮುಂದಿನ ಪ್ರಧಾನ ಕಂಡಕ್ಟರ್ ಎಂದು ಘೋಷಿಸಿತು. 2019ರಲ್ಲಿ ಅವರು ಆ ಸ್ಥಾನಕ್ಕೆ ಬಂದರು, ಅವರಿಬ್ಬರ ಮೊದಲ ಮುದ್ರಣವೂ ಅದೇ ಸಿಂಫನಿಯದಾಯಿತು.

ಒಂದು ಹಳೆಯ ಸಂಬಂಧ

ಮರಳಿ ಬರುವುದರಿಂದ ಏನಾಗುತ್ತದೆ ಎಂಬುದಕ್ಕೆ ಈ ವೃಂದದ ಇತಿಹಾಸದಲ್ಲೇ ಇರುವ ದೊಡ್ಡ ಉದಾಹರಣೆ ಚಾರ್ಲ್ಸ್ ಮ್ಯಾಕೆರಸ್. ಆಸ್ಟ್ರೇಲಿಯದ ಮನೆತನದಲ್ಲಿ 1925ರಲ್ಲಿ ಹುಟ್ಟಿದ ಅವರು ಈ ವೃಂದದ ಪ್ರಧಾನ ಕಂಡಕ್ಟರ್ ಪದವಿಯಲ್ಲಿ ಇರದೆಯೇ, ದಶಕಗಳ ಕಾಲ ಬಂದು ಹೋಗುತ್ತ, ಅದರ ನಾದವನ್ನೇ ಬದಲಿಸಿದರು. ಹದಿನೆಂಟನೆಯ ಶತಮಾನದ ಕೃತಿಗಳಿಗೆ ಅವರು ಕೀಲಿಗಳಿಲ್ಲದ ಹಳೆಯ ಬಗೆಯ ಹಾರ್ನ್ ಮತ್ತು ಟ್ರಂಪೆಟ್‌ಗಳನ್ನು, ಗಟ್ಟಿ ಕೋಲಿನಿಂದ ಬಾರಿಸುವ, ನಗಾರಿಯಂಥ ಚಿಕ್ಕ ಟಿಂಪನಿಗಳನ್ನು ಬಳಸಿ, ತಂತಿವಾದ್ಯಗಳನ್ನು ಮಾತ್ರ ಆಧುನಿಕವಾಗಿಯೇ ಉಳಿಸಿಕೊಂಡರು. ಇಂದಿಗೂ ಎಡಿನ್‌ಬರೊದ ಕ್ವೀನ್ಸ್ ಹಾಲ್ ಸಭಾಂಗಣದಲ್ಲಿ ಆಸ್ಟ್ರಿಯದ ಸಂಯೋಜಕ ಹೈಡನ್ನನ ಸಿಂಫನಿಯೊಂದು ಆರಂಭವಾದಾಗ ಟಿಂಪನಿಯ ಪೆಟ್ಟು ಒಣಗಿದ ಮರದ ಮೇಲೆ ಬಿದ್ದಂತೆ ಚುರುಕಾಗಿ ಕೇಳಿಸುವುದಕ್ಕೆ ಅವರು ಹಾಕಿಕೊಟ್ಟ ದಾರಿ ಕಾರಣ.

ಅವರ ಜೊತೆಗಿನ ಮುದ್ರಣಗಳನ್ನು ಕಾಲಾನುಕ್ರಮದಲ್ಲಿ ಕೇಳುವುದು ಒಳ್ಳೆಯ ಅಭ್ಯಾಸ. 1990ರ ದಶಕದಲ್ಲಿ ಮೊಜಾರ್ಟನ ಆಪೆರಾಗಳು. 1997ರ ಸುಮಾರಿಗೆ ಬ್ರಾಮ್ಸ್‌ನ ನಾಲ್ಕು ಸಿಂಫನಿಗಳು, ದೊಡ್ಡ ವೃಂದಕ್ಕೇ ಮೀಸಲೆಂದು ಜನ ತಿಳಿದಿದ್ದ ಕೃತಿಗಳು ಇಷ್ಟು ಜನರಿಂದ. ಕೊನೆಗೆ 2008ರಲ್ಲಿ ಹೊರಬಂದ ಮೊಜಾರ್ಟನ 38ರಿಂದ 41ರವರೆಗಿನ ಸಿಂಫನಿಗಳು. ಕೊನೆಯದನ್ನು ಮುದ್ರಿಸುವಾಗ ಮ್ಯಾಕೆರಸ್ ಎಂಬತ್ತು ದಾಟಿದ್ದರು. 41ನೆಯ ಸಿಂಫನಿಯ ಕೊನೆಯ ಭಾಗದಲ್ಲಿ ಐದು ಎಳೆಗಳು ಒಂದರ ಮೇಲೊಂದು ಬಂದು ಹೆಣೆದುಕೊಳ್ಳುವಲ್ಲಿ ಒಂದೂ ಇನ್ನೊಂದನ್ನು ತುಳಿಯುವುದಿಲ್ಲ. ಅಷ್ಟು ವೇಗದಲ್ಲಿ ಅಷ್ಟು ಸ್ಪಷ್ಟವಾಗಿ ನುಡಿಸುವ ಭರವಸೆ ಒಂದು ವಾರದ ತಾಲೀಮಿನಿಂದ ಬರುವಂಥದ್ದಲ್ಲ. ಮ್ಯಾಕೆರಸ್ 2010ರಲ್ಲಿ ತೀರಿಕೊಂಡರು.

ಪಿಯಾನೊ ವಾದಕ ಆಲ್ಫ್ರೆಡ್ ಬ್ರೆಂಡೆಲ್ ಕೂಡ ಮ್ಯಾಕೆರಸ್ ಮತ್ತು ಈ ವೃಂದದ ಜೊತೆ ಮೊಜಾರ್ಟನ ಹಲವು ಕಂಚೆರ್ಟೊಗಳನ್ನು ಕೆಲವು ವರ್ಷಗಳ ಅವಧಿಯಲ್ಲಿ ಮುದ್ರಿಸಿದರು. ಮೂವರೂ ಪರಸ್ಪರ ಬಲ್ಲವರಾಗಿದ್ದಾಗ ನಾದ ಹೇಗಿರುತ್ತದೆ ಎಂಬುದಕ್ಕೆ ಅವುಗಳಲ್ಲಿ ಡಿ ಮೈನರ್ ಎಂಬ ಸ್ವರಶ್ರೇಣಿಯಲ್ಲಿರುವ ಕಂಚೆರ್ಟೊವನ್ನು ನಾನು ಯಾರಿಗಾದರೂ ಮೊದಲು ಕೇಳಿಸುತ್ತೇನೆ.

ಹೈಡನ್ನನಿಂದ ಒಂದು ಪಾಠ

ಅತಿಥಿ ಮರಳಿ ಬಂದಾಗ ಕೃತಿಯೇ ಬದಲಾಗುವುದೂ ಉಂಟು. 1791ರ ಹೊಸವರ್ಷದ ದಿನ ಹೈಡನ್ ಇಂಗ್ಲೆಂಡಿನಲ್ಲಿ ಇಳಿದ. ಪಿಟೀಲುವಾದಕನೂ ಕಛೇರಿಗಳ ಏರ್ಪಾಡುಗಾರನೂ ಆಗಿದ್ದ ಸಾಲೊಮನ್ ಅವನನ್ನು ಕರೆತಂದಿದ್ದ. ಒಂದೂವರೆ ವರ್ಷ ಇದ್ದು ಹಿಂದಿರುಗಿದ ಹೈಡನ್ 1794ರಲ್ಲಿ ಮತ್ತೆ ಬಂದ. ಮೊದಲ ಭೇಟಿಯ ಸಲುವಾಗಿ ಆರು ಸಿಂಫನಿಗಳು, ಎರಡನೆಯದರ ಸಲುವಾಗಿ ಇನ್ನಾರು: ಕ್ರಮಸಂಖ್ಯೆ 93ರಿಂದ 104. ಮೊದಲ ಭೇಟಿಯಲ್ಲಿ ಬರೆದ 94ನೆಯ ಸಿಂಫನಿಯ ಎರಡನೆಯ ಭಾಗದಲ್ಲಿ, ಮಕ್ಕಳ ಹಾಡಿನಂಥ ಸರಳ ರಾಗವೊಂದು ಮೆಲ್ಲಗೆ, ಇನ್ನೂ ಮೆಲ್ಲಗೆ ಸಾಗುತ್ತಿರುವಾಗ ಇಡೀ ವೃಂದ ಒಮ್ಮೆಲೇ ಗುಡುಗುತ್ತದೆ. 1792ರ ಲಂಡನ್ ಸಭಿಕರಿಗೆ ಅದು ಅನಿರೀಕ್ಷಿತವಾಗಿತ್ತು. 1794ರಲ್ಲಿ ಮರಳಿ ಬಂದಾಗ ಅದೇ ಸಭಿಕರು ಅವನಿಂದ ಏನಾದರೊಂದನ್ನು ನಿರೀಕ್ಷಿಸುತ್ತಲೇ ಕೂತಿದ್ದರು. 100ನೆಯ ಸಿಂಫನಿಯ ಎರಡನೆಯ ಭಾಗದಲ್ಲಿ ಅವನು ದೊಡ್ಡ ಡ್ರಮ್, ಕಂಚಿನ ತಾಳಗಳು, ತ್ರಿಕೋನಾಕೃತಿಯ ಕಿಂಕಿಣಿ ಇವನ್ನೆಲ್ಲ ತಂದು, ಕೊನೆಗೆ ಒಂಟಿ ಟ್ರಂಪೆಟ್ಟಿನ ಸೈನ್ಯದ ಕೂಗನ್ನೂ ಸೇರಿಸಿದ. ಇಲ್ಲಿಯ ಅಬ್ಬರ ಒಂದು ಕ್ಷಣದ ಚೇಷ್ಟೆಯಾಗಿ ಮುಗಿಯುವುದಿಲ್ಲ. ಅದರೊಳಗೆ ಯುದ್ಧದ ನೆರಳಿದೆ. ಪರಿಚಿತರ ಮುಂದೆ ಮಾತ್ರ ಹೇಳಬಹುದಾದ ಮಾತು ಅದು ಎಂದು ನನಗೆ ಅನ್ನಿಸುತ್ತದೆ.

ಈ ಎರಡು ಭಾಗಗಳನ್ನು ಮನೆಯಲ್ಲಿ ಒಂದರ ಹಿಂದೊಂದು ಕೇಳಿ. ಎರಡೂ ಸೇರಿ ಕಾಲು ಗಂಟೆಗಿಂತ ಹೆಚ್ಚಾಗದು. ಯಾವ ಕಛೇರಿಗೆ ಹೋಗುವವರಿಗೂ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ. ಹೈಡನ್ ಸ್ಕಾಟ್ಲೆಂಡಿಗೆ ಬರಲಿಲ್ಲ, ಆದರೆ ಎಡಿನ್‌ಬರೊದ ಜಾರ್ಜ್ ಥಾಮ್ಸನ್ ಎಂಬ ಸಂಗ್ರಾಹಕನಿಗಾಗಿ ಇಲ್ಲಿಯ ಜನಪದ ಹಾಡುಗಳಿಗೆ ಸ್ವರಸಂಯೋಜನೆ ಮಾಡಿಕೊಟ್ಟ. ಆ ಕಾಲದ ಕಛೇರಿಗಳು ನಡೆಯುತ್ತಿದ್ದ, 1763ರಲ್ಲಿ ತೆರೆದ ಸೇಂಟ್ ಸಿಸಿಲಿಯಾಸ್ ಹಾಲ್ ಇಂದಿಗೂ ನಿಡ್ರಿ ಸ್ಟ್ರೀಟಿನ ಬಳಿ ಇದೆ. ಹಳೆಯ ವಾದ್ಯಗಳ ಸಂಗ್ರಹಾಲಯವೂ ಅಲ್ಲಿಯೇ. ಕಛೇರಿಯ ದಿನ ಮಧ್ಯಾಹ್ನ ಬಿಡುವಿದ್ದರೆ ಅದನ್ನು ನೋಡಿಕೊಂಡು ಹೋಗಿ. ಕೀಲಿಗಳಿಲ್ಲದ ಹಾರ್ನ್ ಎಂದರೇನೆಂದು ಕಣ್ಣಿಗೆ ಕಂಡ ಮೇಲೆ ಸಂಜೆ ಅದರ ದನಿ ಇನ್ನಷ್ಟು ಅರ್ಥವಾಗುತ್ತದೆ.

ಎರಡು ವಾರಗಳ ಸಿದ್ಧತೆ

ಕಛೇರಿಗೆ ಎರಡು ವಾರ ಮೊದಲು ಮುಖ್ಯ ಕೃತಿಯನ್ನು ಆರಿಸಿಕೊಂಡು ಮೂರು ಸಲ ಕೇಳುವುದು ನನ್ನ ಪದ್ಧತಿ. ಮೊದಲ ಸಲ ಏನನ್ನೂ ಓದದೆ, ಬೇರೆ ಕೆಲಸ ಮಾಡದೆ, ಪೂರ್ತಿ ಕೇಳಬೇಕು. ಎರಡನೆಯ ಸಲ ಮುಖ್ಯ ವಾದ್ಯವನ್ನು ಬಿಟ್ಟು ಬೇರೊಂದರ ಹಿಂದೆ ಹೋಗಬೇಕು, ಊದುವ ವಾದ್ಯವಾದ ಬಸೂನ್ ಆಗಲಿ, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲ ಆಗಲಿ. ಮೂರನೆಯ ಸಲ ನಿಧಾನವಾದ ಭಾಗ ಮತ್ತು ಕಡೆನ್ಜಾ (ಅದೇನೆಂದು ಮುಂದೆ ಹೇಳುತ್ತೇನೆ) ಮಾತ್ರ ಸಾಕು. ಕಛೇರಿಯ ದಿನ ಮಾತ್ರ ಕೇಳಬೇಡಿ. ಬೆಳಿಗ್ಗೆ ಕೇಳಿದ ಮುದ್ರಣದ ಲಯ ಸಂಜೆಯವರೆಗೂ ಕಿವಿಯಲ್ಲಿ ಕೂತು, ಅತಿಥಿ ತಮ್ಮದೇ ಲಯದಲ್ಲಿ ತೊಡಗಿದಾಗ ಅದು ತಪ್ಪೆಂಬ ಭಾವನೆ ಬಂದುಬಿಡುತ್ತದೆ.

ಮೇಲೆ ಹೇಳಿದ ಮೊಜಾರ್ಟನ ಡಿ ಮೈನರ್ ಕಂಚೆರ್ಟೊವನ್ನೇ ತೆಗೆದುಕೊಳ್ಳೋಣ. 1785ರ ಫೆಬ್ರುವರಿಯಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಲಾದ ಈ ಕೃತಿ ಹಾಡಬಹುದಾದ ರಾಗದಿಂದ ಆರಂಭವಾಗುವುದಿಲ್ಲ. ಪಿಟೀಲುಗಳು ತಾಳದ ಪೆಟ್ಟನ್ನು ತಪ್ಪಿಸಿ ತಪ್ಪಿಸಿ ಮಿಡಿಯುತ್ತವೆ, ಕೆಳಗಿನಿಂದ ಸೆಲ್ಲೊಗಳು ಗುರುಗುಟ್ಟುತ್ತ ಮೇಲೇರುತ್ತವೆ. ಈ ಬಿರುಗಾಳಿ ತಗ್ಗಿದ ಮೇಲೆ ಪಿಯಾನೊ ಒಂಟಿಯಾಗಿ ಬರುತ್ತದೆ, ಅದುವರೆಗೆ ಯಾರೂ ನುಡಿಸದ ಹೊಸ ಮಾತೊಂದನ್ನು ಹೇಳುತ್ತ. ವೃಂದ ಆ ಮಾತನ್ನು ತನ್ನದಾಗಿ ಮಾಡಿಕೊಳ್ಳುವುದೇ ಇಲ್ಲ. ಆ ಪ್ರವೇಶಕ್ಕೆ ಮೊದಲಿನ ಮೌನವನ್ನು ಕೇಳಲು ಕಾದಿರಿ: ವೃಂದ ಅತಿಥಿಗೆ ಎಷ್ಟು ಜಾಗ ಬಿಟ್ಟುಕೊಟ್ಟಿತು, ಅತಿಥಿ ಅದರಲ್ಲಿ ಎಷ್ಟನ್ನು ತೆಗೆದುಕೊಂಡರು?

ಕಡೆನ್ಜಾ ಎಂದರೆ ವೃಂದ ಪೂರ್ತಿ ನಿಂತು, ಅತಿಥಿ ಒಬ್ಬರೇ ನುಡಿಸುವ ಭಾಗ. ನಮ್ಮ ತನಿ ಆವರ್ತನ ಮುಗಿಯುವುದನ್ನು ಮುಕ್ತಾಯದ ಕೋರ್ವೆಯಿಂದ ತಿಳಿಯುವಂತೆ, ಇದು ಮುಗಿಯುವುದನ್ನು ಎರಡು ಸ್ವರಗಳ ನಡುವಿನ ದೀರ್ಘ ಕಂಪನದಿಂದ ತಿಳಿಯಬಹುದು. ಮೊಜಾರ್ಟ್ ಈ ಕೃತಿಗೆ ಬರೆದ ಕಡೆನ್ಜಾ ಉಳಿದಿಲ್ಲ. ಬೇಥೋವನ್ ಒಂದನ್ನು ಬರೆದ, ಬಹಳ ಜನ ಅದನ್ನೇ ನುಡಿಸುತ್ತಾರೆ. ತಾವೇ ರಚಿಸಿಕೊಂಡವರೂ ಇದ್ದಾರೆ. ಅತಿಥಿ ಹಿಂದಿನ ಸಲ ಯಾವುದನ್ನು ನುಡಿಸಿದ್ದರು, ಈ ಸಲ ಯಾವುದನ್ನು ಆರಿಸಿದ್ದಾರೆ ಎಂಬುದು ಅವರ ಸಂಗೀತ ಎತ್ತ ಸಾಗಿದೆಯೆಂಬುದಕ್ಕೆ ಒಳ್ಳೆಯ ಸುಳಿವು.

ಎಲ್ಲಿ ಕೂರಬೇಕು

ಎಡಿನ್‌ಬರೊದಲ್ಲಿ ಈ ವೃಂದದ ಬಹುಪಾಲು ಕಛೇರಿಗಳು ಕ್ವೀನ್ಸ್ ಹಾಲ್‌ನಲ್ಲಿ ನಡೆಯುತ್ತವೆ. ವೇವರ್ಲಿ ನಿಲ್ದಾಣದಿಂದ ಸೇತುವೆಗಳನ್ನು ದಾಟಿ ದಕ್ಷಿಣಕ್ಕೆ ನೇರವಾಗಿ ನಡೆದರೆ ಅರ್ಧ ಗಂಟೆಯೊಳಗೆ ಕ್ಲರ್ಕ್ ಸ್ಟ್ರೀಟ್ ತಲಪುತ್ತೀರಿ. 1823ರಲ್ಲಿ ಚರ್ಚಾಗಿ ಕಟ್ಟಿದ ಈ ಕಟ್ಟಡ 1979ರಿಂದ ಸಂಗೀತ ಸಭಾಂಗಣ. ಚರ್ಚಿನ ಉದ್ದನೆಯ ಮರದ ಬೆಂಚುಗಳು ಇನ್ನೂ ಇವೆ, ಲಾಳದ ಆಕಾರದ ಮಹಡಿಯೂ ಇದೆ. ಸುಮಾರು 900 ಜನ ಹಿಡಿಸುವುದರಿಂದ ಎಲ್ಲಿಯೂ ದೂರವೆನಿಸುವುದಿಲ್ಲ. ಆದರೆ ಕೆಲವು ಜಾಗಗಳಿಂದ ವೇದಿಕೆ ಪೂರ್ತಿ ಕಾಣದು; ಟಿಕೆಟ್ ತೆಗೆದುಕೊಳ್ಳುವಾಗ ಅದರ ಬಗ್ಗೆ ಬರೆದಿರುವುದನ್ನು ಓದಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಬೇರೊಂದು ಊರಿನ ಸಭಾಂಗಣದಲ್ಲಿ, ವರ್ಷಗಳಿಂದ ಕಾದಿದ್ದ ಪಿಯಾನೊ ವಾದಕರ ಕಛೇರಿಗೆ ಕಡಿಮೆ ಬೆಲೆಯ ಟಿಕೆಟ್ ಕೊಂಡು ನಾನು ಕಂಬದ ಹಿಂದೆ ಕೂತಿದ್ದೆ. ಎಡಗಡೆಯ ಪಿಟೀಲುಗಳು ಕಾಣುತ್ತಿದ್ದವು, ಪಿಯಾನೊದ ಬಾಲ ಕಾಣುತ್ತಿತ್ತು, ಅವರ ಮುಖವಾಗಲಿ ಕೈಯಾಗಲಿ ಕೊನೆಯವರೆಗೂ ಕಾಣಲಿಲ್ಲ. ನಾದ ಚೆನ್ನಾಗಿಯೇ ಕೇಳಿಸಿತು. ಆದರೆ ಅವರು ವೃಂದದತ್ತ ತಿರುಗಿ ಏನು ಹೇಳಿದರು, ವೃಂದ ಅದಕ್ಕೆ ಹೇಗೆ ಓಗೊಟ್ಟಿತು ಎಂಬುದು ನನ್ನ ಪಾಲಿಗೆ ಇಲ್ಲವಾಯಿತು. ಆ ಸಂಜೆಯ ನೋವು ಇನ್ನೂ ಇದೆ.

ಪಿಯಾನೊ ನುಡಿಸುತ್ತಲೇ ವೃಂದವನ್ನು ನಡೆಸುವ ಅತಿಥಿಯಾದರೆ, ಸಾಮಾನ್ಯವಾಗಿ ವಾದ್ಯದ ಮುಚ್ಚಳವನ್ನು ತೆಗೆದಿಟ್ಟು, ಅವರು ನಮಗೆ ಬೆನ್ನು ಮಾಡಿ ಕೂರುತ್ತಾರೆ. ಆಗ ನಾದ ಮೇಲಕ್ಕೆ ಹೋಗುವುದರಿಂದ ಮಹಡಿಯ ಮುಂದಿನ ಸಾಲು ಎಲ್ಲಕ್ಕಿಂತ ಒಳ್ಳೆಯದು. ಕಂಡಕ್ಟರ್ ಬೇರೆ ಇದ್ದು ಮುಚ್ಚಳ ತೆರೆದಿದ್ದರೆ, ಕೈಗಳನ್ನು ನೋಡಲು ಮಧ್ಯಕ್ಕಿಂತ ಎಡಕ್ಕೆ ಕೂರಿ. ಪಿಟೀಲಿನ ಅತಿಥಿಗೆ ಕೆಳಗಿನ ಆಸನಗಳಲ್ಲಿ ಮಧ್ಯದ ಐದಾರನೆಯ ಸಾಲು. ಅಷರ್ ಹಾಲ್ 1914ರ ದೊಡ್ಡ ಸಭಾಂಗಣ. ಗಾಯಕವೃಂದವೂ ಇರುವ ದೊಡ್ಡ ಕೃತಿಗಳಿಗೆ ಅದು ಸೊಗಸು, ಚಿಕ್ಕ ವೃಂದದ ಸೂಕ್ಷ್ಮಗಳಿಗೆ ನನ್ನ ಮಟ್ಟಿಗೆ ಕ್ವೀನ್ಸ್ ಹಾಲೇ ಸರಿ.

ಗುರುವಾರ ಮತ್ತು ಶುಕ್ರವಾರ

ಈ ಕೈಪಿಡಿಯಲ್ಲಿ ನಾನು ಅತ್ಯಂತ ಮುಖ್ಯವೆಂದು ಭಾವಿಸಿರುವ ಸಲಹೆ ಇದು. ವೃಂದದ ಕಾರ್ಯಕ್ರಮಗಳು ಸಾಮಾನ್ಯವಾಗಿ ಗುರುವಾರ ಸಂಜೆ ಏಳೂವರೆಗೆ ಎಡಿನ್‌ಬರೊದಲ್ಲಿ, ಶುಕ್ರವಾರ ಅದೇ ಹೊತ್ತಿಗೆ ಗ್ಲಾಸ್ಗೋದ ಸಿಟಿ ಹಾಲ್ಸ್‌ನಲ್ಲಿ ನಡೆಯುತ್ತವೆ. ಅದೇ ಅತಿಥಿ, ಅದೇ ಕೃತಿಗಳು. ಎರಡಕ್ಕೂ ಹೋಗಿ. ರೈಲಿನಲ್ಲಿ ಗ್ಲಾಸ್ಗೋ ಕ್ವೀನ್ ಸ್ಟ್ರೀಟ್ ನಿಲ್ದಾಣಕ್ಕೆ ಸುಮಾರು ಐವತ್ತು ನಿಮಿಷ. ಅಲ್ಲಿಂದ ಕ್ಯಾಂಡಲ್‌ರಿಗ್ಸ್‌ನಲ್ಲಿರುವ ಸಭಾಂಗಣಕ್ಕೆ ಹತ್ತು ಹನ್ನೆರಡು ನಿಮಿಷದ ನಡಿಗೆ. ಹಿಂದಿರುಗುವ ರೈಲಿನ ಸಮಯವನ್ನು ಮೊದಲೇ ನೋಡಿಕೊಂಡಿರಿ. 1841ರ ಈ ಕಟ್ಟಡ ಉದ್ದನೆಯ ಪೆಟ್ಟಿಗೆಯ ಆಕಾರದ್ದು, ನಾದಕ್ಕೆ ಹೆಸರಾದದ್ದು.

ಅದೇ ಸಂಗೀತಕ್ಕೆ ಎರಡು ಸಲ ಹಣ ಕೊಡುವುದೇಕೆ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ತೋಡಿಯ ಆಲಾಪನೆ ಒಂದು ದಿನದಂತೆ ಇನ್ನೊಂದು ದಿನ ಇರುವುದಿಲ್ಲ, ಆದ್ದರಿಂದ ಮತ್ತೆ ಮತ್ತೆ ಕೇಳುತ್ತೇವೆ. ಇಲ್ಲಿ ಸ್ವರಗಳೆಲ್ಲ ಬರೆದಿಟ್ಟಿರುವಂಥವು. ಸ್ವರ ಬದಲಾಗದೆ ಇದ್ದಾಗ ಬದಲಾಗುವುದು ಕಾಲ, ಉಸಿರು, ತೂಕ. ಅವು ಒಂದು ಸಲ ಕೇಳಿದವರಿಗೆ ತಿಳಿಯುವುದು ಕಷ್ಟ. ಮರುದಿನವೇ ಇನ್ನೊಮ್ಮೆ ಕೇಳಿದವರಿಗೆ ಎದ್ದು ಕಾಣುತ್ತವೆ.

ನಾನು ಕಂಡದ್ದನ್ನೇ ಹೇಳುತ್ತೇನೆ. ಹಿಂದೆ ಎರಡು ಬಾರಿ ಬಂದು ಹೋಗಿದ್ದ ಅತಿಥಿಯೊಬ್ಬರು ಬೇಥೋವನ್ನನ ಪಿಟೀಲು ಕಂಚೆರ್ಟೊ ನುಡಿಸುತ್ತಿದ್ದರು. ಮೊದಲ ಭಾಗದ ಕಡೆನ್ಜಾ ಮುಗಿದ ಮೇಲೆ ಆ ಕೃತಿಯಲ್ಲಿ ಅಬ್ಬರ ಬರುವುದಿಲ್ಲ. ಪಿಟೀಲು ತನ್ನ ಕೆಳಗಿನ ತಂತಿಗಳಲ್ಲಿ ಹಳೆಯ ರಾಗವನ್ನು ಮೆಲ್ಲಗೆ ನೆನೆಸಿಕೊಳ್ಳುತ್ತದೆ, ವೃಂದದ ತಂತಿವಾದ್ಯದವರು ಕಮಾನು ಬಿಟ್ಟು ಬೆರಳಿನಿಂದ ಮೀಟುತ್ತ ಜೊತೆಗೂಡುತ್ತಾರೆ. ಗುರುವಾರ ಆ ಮೊದಲ ಮೀಟು ಅತಿಥಿಯ ಸ್ವರಕ್ಕಿಂತ ಕಣದಷ್ಟು ಮುಂದೆ ಬಿತ್ತು. ತಪ್ಪೆನ್ನುವಂತಿರಲಿಲ್ಲ, ಮೊದಲ ಸಾಲಿನ ಸೆಲ್ಲೊವಾದಕರು ಹಾಳೆಯಿಂದ ತಲೆಯೆತ್ತಿ ಒಮ್ಮೆ ನೋಡಿದರು, ಅಷ್ಟೆ. ಶುಕ್ರವಾರ ಕಂಪನ ಆರಂಭವಾದಾಗಲೇ ಅವರು ಹಾಳೆಯನ್ನು ನೋಡುವುದನ್ನು ಬಿಟ್ಟಿದ್ದರು. ಇಡೀ ತಂತಿವಿಭಾಗದ ಕಣ್ಣು ಅತಿಥಿಯ ಕಮಾನಿನ ತುದಿಯ ಮೇಲಿತ್ತು. ಅವರು ಕಂಪನವನ್ನು ಗುರುವಾರಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಎಳೆದರು, ಬಹುತೇಕ ಕೇಳಿಸದಷ್ಟು ಸಣ್ಣಗೆ ಮಾಡಿದರು, ಆಮೇಲೆ ಸಣ್ಣದೊಂದು ಉಸಿರು. ಇಪ್ಪತ್ತು ಬೆರಳುಗಳು ಮೀಟಿದ್ದು ಒಂದೇ ಬೆರಳಿನಂತೆ, ಅವರ ಸ್ವರದ ಕೆಳಗೇ. ನನ್ನ ಪಕ್ಕದ ಅಪರಿಚಿತ ಹಿರಿಯರು ತಮಗೆ ತಿಳಿಯದೆಯೇ ನನ್ನ ತೋಳು ಹಿಡಿದಿದ್ದರು.

ಕೂತ ಮೇಲೆ

ಉಡುಪಿಗೆ ನಿಯಮವಿಲ್ಲ. ಸೀರೆಯುಟ್ಟು ಬಂದವರನ್ನೂ ಜೀನ್ಸ್ ತೊಟ್ಟವರನ್ನೂ ಒಂದೇ ಸಾಲಿನಲ್ಲಿ ಕಂಡಿದ್ದೇನೆ. ತಡವಾಗಿ ಬಂದವರು ಕೃತಿ ಮುಗಿಯುವವರೆಗೆ ಹೊರಗೆ ಕಾಯಬೇಕಾಗುತ್ತದೆ. ಕೆಮ್ಮಿದ್ದರೆ ಪೆಪ್ಪರ್‌ಮಿಂಟಿನ ಕಾಗದವನ್ನು ಮೊದಲೇ ಬಿಚ್ಚಿಟ್ಟುಕೊಳ್ಳಿ, ತೊಡೆಯ ಮೇಲೆ ತಾಳ ಹಾಕುವ ಅಭ್ಯಾಸವಿದ್ದರೆ ಬೆರಳಿನಲ್ಲಿ ಸದ್ದಿಲ್ಲದೆ ಹಾಕಿ.

ಚಪ್ಪಾಳೆಯ ವಿಷಯದಲ್ಲಿ ನಮ್ಮವರಿಗೆ ಕಷ್ಟವಾಗುವುದು ಸಹಜ. ಒಳ್ಳೆಯ ಸಂಗತಿ ಬಂದ ಗಳಿಗೆಯಲ್ಲೇ ಭಲೇ ಎನ್ನುವುದು ನಮ್ಮ ಪದ್ಧತಿ. ಇಲ್ಲಿ ಮೂರೋ ನಾಲ್ಕೋ ಭಾಗಗಳೆಲ್ಲ ಮುಗಿಯುವವರೆಗೆ ಮೆಚ್ಚುಗೆಯನ್ನು ಒಳಗೇ ಇಟ್ಟುಕೊಳ್ಳಬೇಕು. ಇದು ಮೊದಲಿನಿಂದ ಇದ್ದ ಕಟ್ಟಳೆಯೇನಲ್ಲ. 1778ರಲ್ಲಿ ಪ್ಯಾರಿಸ್ಸಿನ ಸಭಿಕರು ತನ್ನ ಸಿಂಫನಿಯ ನಡುವೆಯೇ ಚಪ್ಪಾಳೆ ತಟ್ಟಿದ್ದನ್ನು ಮೊಜಾರ್ಟ್ ಸಂತೋಷದಿಂದ ತಂದೆಗೆ ಬರೆದಿದ್ದಾನೆ. ಆದರೂ ಇಂದಿನ ಪದ್ಧತಿಯನ್ನು ಪಾಲಿಸುವುದೇ ಮೇಲು. ಮೆಂಡೆಲ್ಸೋನನ ಸ್ಕಾಟಿಷ್ ಸಿಂಫನಿಯಲ್ಲಂತೂ ನಾಲ್ಕು ಭಾಗಗಳೂ ನಡುವೆ ಬಿಡುವಿಲ್ಲದೆ ಸಾಗಬೇಕೆಂದು ಅವನೇ ಸೂಚಿಸಿದ್ದಾನೆ. 1829ರಲ್ಲಿ ಈ ಊರಿನ ಹೋಲಿರೂಡ್ ಅರಮನೆಯ ಪಕ್ಕದ ಪಾಳುಬಿದ್ದ ಚರ್ಚಿನಲ್ಲಿ ಸಂಜೆ ನಿಂತಾಗ ಹೊಳೆದ ರಾಗದಿಂದ ಆರಂಭವಾಗುವ ಆ ಕೃತಿಯನ್ನು ಅವನು ಮುಗಿಸಿದ್ದು 1842ರಲ್ಲಿ. ಅನುಮಾನವಿದ್ದಾಗ ಒಂದೇ ಸೂತ್ರ: ನಡೆಸುವವರ ಕೈ ಪೂರ್ತಿ ಕೆಳಗಿಳಿದು ಅವರು ನಮ್ಮತ್ತ ತಿರುಗುವವರೆಗೆ ಕಾಯಿರಿ.

ನುಡಿಸುತ್ತಲೇ ವೃಂದವನ್ನು ನಡೆಸುವವರನ್ನು ನೋಡುವಾಗ ಪಿಟೀಲಿನ ತಲೆಯನ್ನು ಗಮನಿಸಿ. ಅದು ಒಂದಿಷ್ಟು ಮೇಲೆದ್ದರೆ ಅದೇ ಎತ್ತುಗಡೆಯ ಸಂಜ್ಞೆ. ಅದರ ಜೊತೆ ಮೂಗಿನಿಂದ ತೆಗೆದ ಉಸಿರು ಮುಂದಿನ ಸಾಲುಗಳಿಗೂ ಕೇಳಿಸುತ್ತದೆ. ಅತಿಥಿ ಹೊಸಬರಾದರೆ ವಾದಕರು ಇಲ್ಲಿಯ ಲೀಡರ್, ಅಂದರೆ ಮೊದಲ ಪಿಟೀಲಿನ ಮುಂದಾಳುವಿನತ್ತ ನೋಡುತ್ತಾರೆ. ಹಳಬರಾದರೆ ನೇರವಾಗಿ ಅತಿಥಿಯತ್ತಲೇ ನೋಡುತ್ತಾರೆ, ಕೆಲವೊಮ್ಮೆ ಯಾರತ್ತಲೂ ನೋಡದೆಯೇ ಸರಿಯಾಗಿ ಬರುತ್ತಾರೆ. ಬೇಥೋವನ್ನನ ಪಿಟೀಲು ಕಂಚೆರ್ಟೊದ ಆರಂಭದಲ್ಲಿ ಅತಿಥಿ ಮೂರು ನಿಮಿಷದಷ್ಟು ಸುಮ್ಮನೆ ನಿಂತಿರಬೇಕಾಗುತ್ತದೆ. ಆಗ ಅವರು ನಮ್ಮತ್ತ ಮುಖ ಮಾಡಿರುತ್ತಾರೋ, ವೃಂದದತ್ತ ತಿರುಗಿ ಅದರೊಡನೆ ಮೆಲ್ಲಗೆ ತಾವೂ ನುಡಿಸುತ್ತಾರೋ ನೋಡಿ. ಕೊನೆಯ ಚಪ್ಪಾಳೆಯ ಹೊತ್ತಿಗೆ ಎದ್ದು ಹೊರಡಬೇಡಿ. ಅತಿಥಿ ಯಾರನ್ನು ಮೊದಲು ಎದ್ದು ನಿಲ್ಲಿಸುತ್ತಾರೆ, ಹಿಂದಿನ ಸಾಲಿನ ಬಸೂನ್‌ವಾದಕರನ್ನು ಹುಡುಕಿ ಕೈ ತೋರಿಸುತ್ತಾರೆಯೇ ಎಂಬುದರಲ್ಲಿ ಇಡೀ ವಾರದ ತಾಲೀಮಿನ ಕಥೆಯಿದೆ.

ಎಡಿನ್‌ಬರೊದಿಂದ ದೂರ ಇರುವವರೂ ಈ ಕ್ರಮವನ್ನು ತಮ್ಮೂರಿನ ವೃಂದಕ್ಕೆ ಅನ್ವಯಿಸಿಕೊಳ್ಳಬಹುದು. 1997ರಲ್ಲಿ ಆರಂಭವಾದ ಮಾಲರ್ ಚೇಂಬರ್ ಆರ್ಕೆಸ್ಟ್ರಾದ ಜೊತೆ ಮಿತ್ಸುಕೊ ಉಚಿದಾ ಪಿಯಾನೊದಲ್ಲೇ ಕೂತು ವೃಂದವನ್ನೂ ನಡೆಸುವ ಮೊಜಾರ್ಟ್ ಕಂಚೆರ್ಟೊಗಳು ವರ್ಷಗಳ ಒಡನಾಟದ ಫಲ. ಮುಂಬಯಿಯ ಕನ್ನಡಿಗರಿಗೆ ನರಿಮನ್ ಪಾಯಿಂಟಿನ ಎನ್‌ಸಿಪಿಎಯಲ್ಲಿ (ನ್ಯಾಷನಲ್ ಸೆಂಟರ್ ಫಾರ್ ದಿ ಪರ್ಫಾರ್ಮಿಂಗ್ ಆರ್ಟ್ಸ್), 2006ರಲ್ಲಿ ಸ್ಥಾಪನೆಯಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಸೀಸನ್ನುಗಳಿವೆ.

ಮನೆಗೆ ಬಂದ ಮೇಲೆ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕಛೇರಿಯ ರಾತ್ರಿಯೇ, ಮಲಗುವ ಮೊದಲು, ನಾಲ್ಕು ಸಾಲು ಬರೆಯಿರಿ: ದಿನಾಂಕ, ಕೂತ ಜಾಗ, ಅತಿಥಿಯ ಹೆಸರು, ಮನಸ್ಸಿನಲ್ಲಿ ನಿಂತ ಒಂದು ಕ್ಷಣ. ಚೆನ್ನಾಗಿತ್ತು ಎಂದು ಬರೆದರೆ ಮುಂದೆ ಉಪಯೋಗಕ್ಕೆ ಬಾರದು. ಎಲ್ಲಿ, ಯಾವ ವಾದ್ಯ, ಏನಾಯಿತು ಎಂದು ಬರೆಯಿರಿ. ನನ್ನ ಪುಸ್ತಕದ ಒಂದು ಪುಟದಲ್ಲಿ "ನಿಧಾನ ಭಾಗ, ಕ್ಲಾರಿನೆಟ್ ಅತಿಥಿಗಾಗಿ ಕಾಯಿತು" ಎಂದಿದೆ. ಎರಡು ವರ್ಷಗಳ ಅನಂತರ ಅದೇ ಅತಿಥಿ ಬಂದಾಗ ಬರೆದ ಸಾಲು "ಈ ಸಲ ಅತಿಥಿ ಕ್ಲಾರಿನೆಟ್ಟಿಗಾಗಿ ಕಾದರು" ಎಂದು.

ಹೊಸ ಸೀಸನ್ನಿನ ಪಟ್ಟಿ ಬಂದ ದಿನ ಈ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು, ನಿಮ್ಮ ಪುಟಗಳಲ್ಲಿರುವ ಹೆಸರು ಯಾವುದಾದರೂ ಮತ್ತೆ ಬಂದಿದೆಯೇ ಎಂದು ನೋಡಿ ಗುರುತು ಹಾಕಿ. ವಿದ್ಯಾರ್ಥಿಗಳಿಗೂ ಎಳೆಯರಿಗೂ ರಿಯಾಯಿತಿ ಇರುತ್ತದೆ, ಅದನ್ನು ವಿಚಾರಿಸಿ. ಬುಕಿಂಗ್ ತೆರೆದ ದಿನವೇ ಗುರುವಾರಕ್ಕೆ ಮಹಡಿಯ ಮುಂದಿನ ಸಾಲು, ಶುಕ್ರವಾರಕ್ಕೆ ಗ್ಲಾಸ್ಗೋದ ಟಿಕೆಟ್, ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಿ.